ನೀರಿಗೆ ಲೆಕ್ಕವಿದೆ, ಕಿರಿಯ ವೈದ್ಯರ ದುಡಿಮೆಗೆ ಯಾಕಿಲ್ಲ?

ಮುಂಗಾರು ಜೋರಾಗಿ ಕೆಆರ್‌ಎಸ್ ಮತ್ತು ಕಬಿನಿಯ ಗೇಟು ತೆರೆದರೆ ಎರಡು ರಾಜ್ಯಗಳ ಕಣ್ಣು ಬಿಳಿಗುಂಡ್ಲುವಿನ ಮೇಲೆ ನೆಡುತ್ತದೆ. ಕೇಂದ್ರ ಜಲ ಆಯೋಗದ ಈ ಮಾಪನ ಕೇಂದ್ರ ಹೊಗೆನಕಲ್‌ಗಿಂತ ತುಸು ಮೇಲಿದೆ. ಕರ್ನಾಟಕ ವರ್ಷಕ್ಕೆ 177.25 ಟಿಎಂಸಿ ನೀರು ಬಿಡಬೇಕೆಂದು 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಜಾಗದ ಅಳತೆಗೆ. ಹರಿವು ಏರಿದಂತೆ ಧರ್ಮಪುರಿ ಜಿಲ್ಲಾಡಳಿತ ಹೊಗೆನಕಲ್‌ನಲ್ಲಿ ಹರಿಗೋಲು ನಿಲ್ಲಿಸುತ್ತದೆ, ಸ್ನಾನಕ್ಕೂ ತಡೆ ಹಾಕುತ್ತದೆ. 2024ರ ಮಳೆಗಾಲದಲ್ಲಿ ಹರಿವು ಒಂದೂವರೆ ಲಕ್ಷ ಕ್ಯೂಸೆಕ್ ದಾಟಿದಾಗಲೂ ಹಾಗೇ ಆಯಿತು. ಅಂಬಿಗನಿಗೆ ಎಷ್ಟು ವರ್ಷದ ಅನುಭವ, ತೋಳಿನಲ್ಲಿ ಎಷ್ಟು ಕಸುವು ಎಂದು ಆಗ ಯಾರೂ ವಿಚಾರಿಸುವುದಿಲ್ಲ. ಇಷ್ಟರ ಮೇಲೆ ನೀರು ಬಂದರೆ ಯಾರೂ ಇಳಿಯಕೂಡದು, ಅಷ್ಟೇ.

ಇದೇ ಹೊಳೆಯ ಆಚೀಚಿನ ಜಿಲ್ಲೆಗಳಲ್ಲಿ, ಅಷ್ಟೇಕೆ ದೇಶದುದ್ದಕ್ಕೂ, ಬೋಧನಾ ಆಸ್ಪತ್ರೆಗಳಲ್ಲಿ ದುಡಿಯುವ ಹೌಸ್ ಸರ್ಜನ್‌ಗಳಿಗೆ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇಂಥದೊಂದು ಅಳತೆಯ ಕಂಬ ಇಲ್ಲ. ಅವರು ವಾರಕ್ಕೆ ಎಷ್ಟು ಗಂಟೆ ದುಡಿದರು, ಒಂದೇ ಸಮನೆ ಎಷ್ಟು ಹೊತ್ತು ಎಚ್ಚರವಿದ್ದರು ಎಂಬುದನ್ನು ಬರೆದಿಡುವವರಿಲ್ಲ. ಮಿತಿ ಮೀರಿದಾಗ ‘ಇನ್ನು ಸಾಕು, ಮನೆಗೆ ಹೋಗು’ ಎನ್ನುವ ಅಧಿಕಾರ ಯಾರಿಗಿದೆ ಎಂಬುದೂ ಸ್ಪಷ್ಟವಿಲ್ಲ. ಕಲಿಯುತ್ತಿರುವ ವೈದ್ಯರು ದಣಿದು, ಬತ್ತಿ, ಕೆಲವೊಮ್ಮೆ ಬದುಕೇ ಬೇಡ ಎನ್ನುವಲ್ಲಿಗೆ ಬಂದು ನಿಲ್ಲುವುದಕ್ಕೆ ಅವರ ಮನಸ್ಸಿನ ದೌರ್ಬಲ್ಯವನ್ನು ಕಾರಣ ಮಾಡುವ ಮೊದಲು ನಾವು ಈ ಲೆಕ್ಕ ಕೇಳಬೇಕು.

ಹೊಗೆನಕಲ್ ಪೆನ್ನಾಗರಂ ತಾಲ್ಲೂಕಿಗೆ ಸೇರಿದ್ದು. ಬಂಡೆಯಿಂದ ಜಾರಿದವರು, ಸುಳಿಗೆ ಸಿಕ್ಕವರು, ಘಾಟಿ ರಸ್ತೆಯಲ್ಲಿ ಬೈಕಿನಿಂದ ಬಿದ್ದವರು, ಕಾಡಂಚಿನ ಹಳ್ಳಿಗಳಲ್ಲಿ ಹಾವು ಕಚ್ಚಿಸಿಕೊಂಡವರು ಮೊದಲು ಸೇರುವುದು ಪೆನ್ನಾಗರಂ ಆಸ್ಪತ್ರೆಗೆ. ಅಲ್ಲಿ ಆಗದ್ದು ಧರ್ಮಪುರಿಗೆ, ಅಲ್ಲಿಯೂ ಆಗದ್ದು ಸೇಲಂಗೆ ಹೋಗುತ್ತದೆ. ಸೇಲಂನ ಸರ್ಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು 1986ರಲ್ಲಿ, ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2008ರಲ್ಲಿ ಶುರುವಾದವು. ಹೊಳೆಯ ಈಚೆ ಚಾಮರಾಜನಗರದಲ್ಲಿ 2016ರಲ್ಲಿ, ಆಚೆ ಕೃಷ್ಣಗಿರಿಯಲ್ಲಿ 2022ರಲ್ಲಿ ಕಾಲೇಜು ಬಂತು. ಗಡಿನಾಡಿನ ಬಡವರಿಗೆ ಇದು ದೊಡ್ಡ ಭಾಗ್ಯ. ಹಿಂದೆ ದೊಡ್ಡ ಕಾಯಿಲೆಯೆಂದರೆ ಬೆಂಗಳೂರು, ಮೈಸೂರು ಅಥವಾ ಚೆನ್ನೈ ಹಾದಿ ಹಿಡಿಯಬೇಕಿದ್ದವರಿಗೆ ಈಗ ಹತ್ತಿರದಲ್ಲೇ ತಜ್ಞರಿದ್ದಾರೆ. ಆದರೆ ರಾತ್ರಿ ಎರಡು ಗಂಟೆಗೆ ಆಂಬುಲೆನ್ಸ್ ಬಾಗಿಲು ತೆರೆದಾಗ ಎದುರಿಗೆ ಮೊದಲು ನಿಲ್ಲುವುದು ತಜ್ಞರಲ್ಲ. ಇಪ್ಪತ್ತಮೂರರ ಹೌಸ್ ಸರ್ಜನ್, ಇಪ್ಪತ್ತಾರರ ಪಿಜಿ.

ಸುತ್ತಲಿನ ಆಸ್ಪತ್ರೆಗಳು ಕೈಚೆಲ್ಲಿದ ರೋಗಿಗಳೇ ಇಂಥ ಕಡೆ ಬಂದು ಸೇರುವುದರಿಂದ ಸಾವನ್ನು ಕಾಣುವುದೂ ಹೆಚ್ಚು. 2014ರ ನವೆಂಬರಿನಲ್ಲಿ ಧರ್ಮಪುರಿಯ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹತ್ತಕ್ಕೂ ಹೆಚ್ಚು ಕೂಸುಗಳು ತೀರಿಕೊಂಡದ್ದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ತೂಕ ತೀರಾ ಕಡಿಮೆಯಿದ್ದ, ಹುಟ್ಟುವಾಗಲೇ ಉಸಿರು ಕಟ್ಟಿದ್ದ, ಬೇರೆಡೆಯಿಂದ ಕಳಿಸಿದ ಮಕ್ಕಳು ಅವರಲ್ಲಿದ್ದರು. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಒಂದೇ ದಿನದ ಅವಧಿಯಲ್ಲಿ ಸತ್ತರು. ಹೊಣೆ ಯಾರದೆಂಬ ವಿಚಾರಣೆ ನಡೆಯುತ್ತದೆ, ನಡೆಯಲೇಬೇಕು. ಆದರೆ ಅಂಥ ರಾತ್ರಿಯಲ್ಲಿ ವಾರ್ಡಿನಲ್ಲಿದ್ದ ಎಳೆಯ ವೈದ್ಯರನ್ನು ಮರುದಿನ ಕೂರಿಸಿಕೊಂಡು ‘ಹೇಗಿದ್ದೀಯಪ್ಪ’ ಎಂದು ಕೇಳುವ ಕ್ರಮವನ್ನು ನಮ್ಮ ವೈದ್ಯಕೀಯ ಶಿಕ್ಷಣ ಇನ್ನೂ ರೂಢಿಸಿಕೊಂಡಿಲ್ಲ.

ದೇಶದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಮೊದಲ ವರ್ಷದ ಪಿಜಿಯೊಬ್ಬಳ ‘ಅಡ್ಮಿಷನ್ ಡೇ’ ಹೇಗಿರುತ್ತದೆಂದು ನೋಡಿ. ಬೆಳಿಗ್ಗೆ ಏಳಕ್ಕೆ ವಾರ್ಡು. ಚೀಫ್ ರೌಂಡ್ಸ್‌ಗೆ ಬರುವ ಮೊದಲು ಪ್ರತಿ ರೋಗಿಯ ಬಿಪಿ, ಮೂತ್ರದ ಪ್ರಮಾಣ, ರಾತ್ರಿಯ ರಿಪೋರ್ಟು ಎಲ್ಲ ಕೇಸ್ ಶೀಟಿನಲ್ಲಿರಬೇಕು. ಒಂಬತ್ತರಿಂದ ಓಪಿ. ಮಧ್ಯಾಹ್ನ ಊಟಕ್ಕೆಂದು ಎದ್ದವಳನ್ನು ಕ್ಯಾಶುವಲ್ಟಿ ಕರೆಯುತ್ತದೆ. ಸಂಜೆಗೆ ರಕ್ತದ ಮಾದರಿ ತೆಗೆಯುವುದು, ಅದು ಲ್ಯಾಬು ಮುಟ್ಟಿತೇ ಎಂದು ಬೆನ್ನುಹತ್ತುವುದು, ಸ್ಕ್ಯಾನಿಗೆ ರೋಗಿಯ ಜೊತೆ ಹೋಗುವುದು, ಬ್ಲಡ್ ಬ್ಯಾಂಕಿನ ಚೀಟಿ ಬರೆಯುವುದು, ನಾಳೆ ಮನೆಗೆ ಹೋಗುವವರ ಡಿಸ್ಚಾರ್ಜ್ ಸಮ್ಮರಿ ಮುಗಿಸುವುದು. ರಾತ್ರಿಯಿಡೀ ಹೊಸ ರೋಗಿಗಳು. ಬೆಳಗಿನ ಜಾವ ನಾಲ್ಕಕ್ಕೆ ಡ್ಯೂಟಿ ರೂಮಿನ ಬೆಂಚಿನ ಮೇಲೆ ಬೆನ್ನು ಚಾಚಿದರೆ ಐದಕ್ಕೆ ಫೋನು. ಏಳಕ್ಕೆ ಮತ್ತೆ ರೌಂಡ್ಸ್, ಆಮೇಲೆ ಆಪರೇಷನ್ ಥಿಯೇಟರು ಅಥವಾ ವಾರ್ಡಿನ ಕೆಲಸ. ಬಿಡುಗಡೆ ಎರಡನೆಯ ದಿನ ಸಂಜೆಗೆ. ಅಷ್ಟರಲ್ಲಿ ಮೂವತ್ತಾರು ಗಂಟೆ ಕಳೆದಿರುತ್ತದೆ. ಥೀಸಿಸ್, ಸೆಮಿನಾರು, ಪರೀಕ್ಷೆಯ ಓದು ಇವೆಲ್ಲ ಇದರ ಆಚೆಗಿನ ಹೊರೆ.

ಹೀಗೆ ತಿಂಗಳುಗಟ್ಟಲೆ ನಡೆದಾಗ ಆಗುವುದಕ್ಕೆ ಬರ್ನ್‌ಔಟ್ ಎನ್ನುತ್ತಾರೆ. ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಇದನ್ನು ಕುರಿತು ಬರೆದರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸಂಗಡಿಗರು ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಅದರಲ್ಲಿ ಮೂರು ಲಕ್ಷಣಗಳಿವೆ. ಮೊದಲನೆಯದು, ಮಲಗಿ ಎದ್ದರೂ ಹೋಗದ ದಣಿವು. ಎರಡನೆಯದು, ಎದುರಿಗಿರುವ ಮನುಷ್ಯನ ಬಗ್ಗೆ ಮನಸ್ಸು ಮರಗಟ್ಟುವುದು: ಪೆನ್ನಾಗರಂನಿಂದ ಬಂದ ಮಾದಮ್ಮ ‘ಹದಿನಾಲ್ಕನೇ ಬೆಡ್ಡು’ ಆಗುತ್ತಾಳೆ, ಅವಳ ಮಗ ಎರಡನೇ ಸಲ ಪ್ರಶ್ನೆ ಕೇಳಿದರೆ ರೇಗುತ್ತದೆ. ಮೂರನೆಯದು, ತನ್ನಿಂದ ಏನೂ ಆಗುತ್ತಿಲ್ಲ, ತಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂಬ ಭಾವ. ಸೇವೆ ಮಾಡಬೇಕೆಂದು ಆಸೆಪಟ್ಟು ಬಂದವರನ್ನು ಹೆಚ್ಚು ಸುಡುವುದು ಈ ಎರಡನೆಯ ಮತ್ತು ಮೂರನೆಯ ಲಕ್ಷಣಗಳೇ. ತಾನು ಒರಟಾಗುತ್ತಿದ್ದೇನೆಂದು ಗೊತ್ತಾಗುತ್ತದೆ, ತಡೆಯಲು ಆಗುವುದಿಲ್ಲ, ಅದಕ್ಕಾಗಿ ತನ್ನನ್ನೇ ಹಳಿದುಕೊಳ್ಳುವುದು ಶುರುವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ತನ್ನ ಕಾಯಿಲೆಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಸೇರಿಸಿದಾಗ ಅದನ್ನು ರೋಗ ಎಂದು ಕರೆಯಲಿಲ್ಲ. ಕೆಲಸದ ಸ್ಥಳದಲ್ಲಿ ದೀರ್ಘಕಾಲ ನಿಭಾಯಿಸಲಾಗದೆ ಉಳಿದ ಒತ್ತಡದ ಫಲ ಎಂದು ಹೇಳಿತು. ಹಾಗಾದರೆ ಚಿಕಿತ್ಸೆ ಆಗಬೇಕಾದದ್ದು ಮೊದಲು ಕೆಲಸದ ಸ್ಥಳಕ್ಕೆ. ಖಿನ್ನತೆ ಬೇರೆ, ಅದು ಕಾಯಿಲೆ, ಅದಕ್ಕೆ ಔಷಧವೂ ಆಪ್ತ ಸಮಾಲೋಚನೆಯೂ ಇದೆ. ಆದರೆ ಒಂದು ಇನ್ನೊಂದಕ್ಕೆ ದಾರಿ ಮಾಡಿಕೊಡಬಲ್ಲದು.

ನಮ್ಮ ದೇಶದ ಪರಿಸ್ಥಿತಿ ಹೇಗಿದೆ? ರಾಷ್ಟ್ರೀಯ ವೈದ್ಯಕೀಯ ಆಯೋಗ ರಚಿಸಿದ ಕಾರ್ಯಪಡೆಯೊಂದು 2024ರಲ್ಲಿ ವರದಿ ಕೊಟ್ಟಿತು. ಅದರ ಅಧ್ಯಕ್ಷರು ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಪ್ರಾಧ್ಯಾಪಕ ಡಾ. ಸುರೇಶ್ ಬಡಾ ಮಠ್. ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದವರಲ್ಲಿ 25,590 ಎಂಬಿಬಿಎಸ್ ವಿದ್ಯಾರ್ಥಿಗಳೂ 5,337 ಸ್ನಾತಕೋತ್ತರ ವಿದ್ಯಾರ್ಥಿಗಳೂ ಇದ್ದರು. ಹಿಂದಿನ ಒಂದು ವರ್ಷದಲ್ಲಿ ಆತ್ಮಹತ್ಯೆಯ ಯೋಚನೆ ಬಂದಿತ್ತೆಂದು ಎಂಬಿಬಿಎಸ್‌ನವರಲ್ಲಿ ಶೇ 16ರಷ್ಟು, ಪಿಜಿಗಳಲ್ಲಿ ಶೇ 31ರಷ್ಟು ಮಂದಿ ಹೇಳಿದರು. ವಾರಕ್ಕೆ 60 ಗಂಟೆಗೂ ಹೆಚ್ಚು ದುಡಿಯುತ್ತೇವೆಂದ ಪಿಜಿಗಳು ಶೇ 45. ವಾರದ ರಜೆ ಸಿಗುವುದಿಲ್ಲವೆಂದವರು ಅರ್ಧಕ್ಕಿಂತ ಹೆಚ್ಚು. ಸ್ವಇಚ್ಛೆಯಿಂದ ಉತ್ತರಿಸಿದವರ ಮಾತು ಇದು, ನೊಂದವರೇ ಹೆಚ್ಚಾಗಿ ಉತ್ತರಿಸಿರಬಹುದು, ಆದ್ದರಿಂದ ಇಡೀ ದೇಶಕ್ಕೆ ಇದೇ ಶೇಕಡಾವಾರು ಎನ್ನಲಾಗದು. ಹಾಗೆಂದು ಐದು ಸಾವಿರ ಪಿಜಿಗಳಲ್ಲಿ ಮೂವರಿಗೊಬ್ಬರು ಸಾವಿನ ಯೋಚನೆ ಮಾಡಿದ್ದನ್ನು ಸಣ್ಣ ಸಂಗತಿ ಎಂದು ಬದಿಗಿಡಲೂ ಬಾರದು.

ನಿಯಮ ಇಲ್ಲವೇ ಎಂದರೆ, ಇದೆ. 1992ರ ಜೂನ್ 5ರಂದು ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ರೆಸಿಡೆನ್ಸಿ ನಿರ್ದೇಶನದಲ್ಲಿ ಒಂದೇ ಸಮನೆ 12 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯಿತ್ತು. ಅದು ಕಡತದಲ್ಲೇ ಉಳಿಯಿತು. ಆಯೋಗದ 2023ರ ಸ್ನಾತಕೋತ್ತರ ವೈದ್ಯಕೀಯ ಶಿಕ್ಷಣ ನಿಯಮಾವಳಿಯಲ್ಲಿ ಗಂಟೆಗಳ ಅಂಕಿಯೇ ಇಲ್ಲ. ದುಡಿಮೆ ‘ಸಮಂಜಸ’ ಅವಧಿಯದಾಗಿರಬೇಕು, ವಿಶ್ರಾಂತಿಯೂ ‘ಸಮಂಜಸ’ವಾಗಿರಬೇಕು ಎಂದಿದೆ. ವರ್ಷಕ್ಕೆ 20 ದಿನ ವೇತನಸಹಿತ ರಜೆ, ಕೆಲಸದ ಅನಿವಾರ್ಯ ಇಲ್ಲದಿದ್ದರೆ ವಾರಕ್ಕೊಂದು ರಜೆ ಎಂದೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅನಿವಾರ್ಯ ಇಲ್ಲದ ದಿನ ಯಾವುದು? ಅಳತೆ ಹೇಳದ ನಿಯಮವನ್ನು ಮುರಿದರೆಂದು ಯಾರ ಮೇಲೂ ದೂರು ಕೊಡಲಾಗದು. 2024ರ ಕಾರ್ಯಪಡೆ ಮತ್ತೆ ಅಂಕಿ ಕೊಟ್ಟಿತು: ವಾರಕ್ಕೆ 74 ಗಂಟೆ ಮೀರಬಾರದು, ಒಂದೇ ಸಲಕ್ಕೆ 24 ಗಂಟೆ ಮೀರಬಾರದು, ವಾರಕ್ಕೊಂದು ದಿನ ಬಿಡುವು ಬೇಕು. ಮೂವತ್ತೆರಡು ವರ್ಷದಲ್ಲಿ 48 ಗಂಟೆ 74 ಆಯಿತೆಂಬುದನ್ನು ಗಮನಿಸಿ. ಮಾನಸಿಕ ಆರೋಗ್ಯ ಕಾಪಾಡಲೆಂದೇ ಕೂತ ತಜ್ಞರಿಗೂ ಇದಕ್ಕಿಂತ ಕಡಿಮೆ ಕೇಳುವುದು ಸಾಧ್ಯವಾಗಲಿಲ್ಲ ಎಂದರೆ ವಾಸ್ತವ ಎಲ್ಲಿದೆ ಎಂದು ಊಹಿಸಬಹುದು. ಅದೂ ಶಿಫಾರಸು ಮಾತ್ರ.

ಇದು ವೈದ್ಯರ ಸುಖದ ಪ್ರಶ್ನೆ, ನಮಗೇನು ಎನ್ನುವ ಓದುಗರಿದ್ದರೆ ಇನ್ನೊಂದು ಲೆಕ್ಕ ಹೇಳುತ್ತೇನೆ. ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 17 ಗಂಟೆ ಎಚ್ಚರವಿದ್ದವರ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯ ಇರುವವರಷ್ಟು ಕುಗ್ಗಿತ್ತು. 24 ಗಂಟೆಗೆ ಅದು ಸುಮಾರು ಶೇ 0.10ರ ಮಟ್ಟಕ್ಕೆ ಬಂತು. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಆ ಸ್ಥಿತಿಯಲ್ಲಿ ಸ್ಕೂಟರ್ ಓಡಿಸಿದರೆ ಪೊಲೀಸರು ಹಿಡಿಯುತ್ತಾರೆ. ಅಷ್ಟೇ ಮಂದವಾದ ಕೈಗೆ ನಾವು ಕೂಸಿನ ನರ ಹುಡುಕುವ ಸೂಜಿ ಕೊಡುತ್ತೇವೆ. ಬಾಸ್ಟನ್ನಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಲ್ಯಾಂಡ್ರಿಗನ್ ತಂಡದ ಅಧ್ಯಯನದ ಪ್ರಕಾರ, 24 ಗಂಟೆ ಮೀರಿದ ಪಾಳಿ ಮಾಡುವ ಹಳೆಯ ಪದ್ಧತಿಯಲ್ಲಿ ಇಂಟರ್ನ್‌ಗಳ ಗಂಭೀರ ತಪ್ಪುಗಳು ಶೇ 36ರಷ್ಟು ಹೆಚ್ಚು.

ಅಮೆರಿಕ ಎಚ್ಚೆತ್ತದ್ದು ಒಂದು ಸಾವಿನಿಂದ. 1984ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಜ್ವರವೆಂದು ಸೇರಿದ ಹದಿನೆಂಟರ ಲಿಬ್ಬಿ ಜಿಯಾನ್ ಬೆಳಗಾಗುವಷ್ಟರಲ್ಲಿ ಸತ್ತಳು. ಅವಳನ್ನು ನೋಡುತ್ತಿದ್ದವರು ತರಬೇತಿಯಲ್ಲಿದ್ದ ವೈದ್ಯರು. ಪತ್ರಕರ್ತನಾಗಿದ್ದ ತಂದೆ ವರ್ಷಗಟ್ಟಲೆ ಹೋರಾಡಿದ ಫಲವಾಗಿ 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆ, ಒಂದೇ ಸಲಕ್ಕೆ 24 ಗಂಟೆ ಎಂಬ ಮಿತಿ ತಂದಿತು. 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಇಡೀ ಅಮೆರಿಕದ ತರಬೇತಿ ಕೇಂದ್ರಗಳಿಗೆ ಅನ್ವಯವಾಯಿತು. ಯುರೋಪಿನ ಒಕ್ಕೂಟದ ನಿರ್ದೇಶನ 48 ಗಂಟೆಗೆ ನಿಲ್ಲುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ‘ನಾವೂ ಹೀಗೇ ಕಲಿತದ್ದು’ ಎನ್ನುವುದು ಮೊದಲನೆಯದು. ಹಿರಿಯರ ಶ್ರಮದ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕು: ಅವರ ಕಾಲದ ವಾರ್ಡು ಈಗಿಲ್ಲ. ವೆಂಟಿಲೇಟರು, ಡಯಾಲಿಸಿಸ್, ಗಂಟೆಗೊಂದು ರಕ್ತಪರೀಕ್ಷೆ, ವಿಮೆಯ ಕಾಗದಪತ್ರ ಇವೆಲ್ಲ ಅದೇ ಕೈಗಳ ಮೇಲೆ ಬಂದು ಕೂತಿವೆ. ಆಸ್ಪತ್ರೆಯಲ್ಲೇ ವಾಸವಿದ್ದು ಹಗಲಿರುಳು ಕಲಿಯುವ ಈ ಪದ್ಧತಿಗೆ 1889ರಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಅಡಿಪಾಯ ಹಾಕಿದ ಮಹಾನ್ ಶಸ್ತ್ರಚಿಕಿತ್ಸಕ ವಿಲಿಯಂ ಹಾಲ್‌ಸ್ಟೆಡ್ ಸ್ವತಃ ಕೊಕೇನ್ ಚಟಕ್ಕೆ ಸಿಕ್ಕಿ, ಮುಂದೆ ಮಾರ್ಫಿನ್ ಅವಲಂಬಿಸಿ ಬಾಳಿದವರು. ಅವರ ಕಾಲದ ಆ ಅಚ್ಚನ್ನು ಪ್ರಕೃತಿ ನಿಯಮ ಎಂದು ನಂಬಬೇಕಿಲ್ಲ.

ಎರಡನೆಯ ಆಕ್ಷೇಪ ಗಟ್ಟಿಯಾದದ್ದು. ಪಾಳಿ ಚಿಕ್ಕದಾದರೆ ರೋಗಿ ಕೈಯಿಂದ ಕೈಗೆ ಹೋಗುತ್ತಾನೆ, ಹಾಗೆ ಒಪ್ಪಿಸುವಾಗ ಮುಖ್ಯ ಸಂಗತಿ ಬಿಟ್ಟುಹೋಗುತ್ತದೆ, ಕಾಯಿಲೆಯ ಏರಿಳಿತವನ್ನು ಪೂರ್ತಿ ನೋಡುವ ಕಲಿಕೆಯೂ ತಪ್ಪುತ್ತದೆ ಎನ್ನುತ್ತಾರೆ. ಪಾಳಿಯ ಉದ್ದದ ಬಗ್ಗೆ ಅಮೆರಿಕದಲ್ಲಿ 2016 ಮತ್ತು 2019ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಬಿಗಿ ಪಾಳಿಗೂ ಸಡಿಲ ಪಾಳಿಗೂ ರೋಗಿಗಳ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬುದೂ ನಿಜ. ಆದರೆ ಎರಡೂ ಗುಂಪುಗಳು ವಾರಕ್ಕೆ ಸರಾಸರಿ 80 ಗಂಟೆಯ ಮಿತಿಯೊಳಗೇ ಇದ್ದವು. ಮಿತಿಯೇ ಇಲ್ಲದ ಕಡೆಗೆ ಆ ಫಲಿತಾಂಶವನ್ನು ಎಳೆದು ತರಲಾಗದು. ಒಪ್ಪಿಸುವ ಕೆಲಸವನ್ನೂ ಕಲಿಸಬಹುದು. ಅಮೆರಿಕ ಮತ್ತು ಕೆನಡಾದ ಒಂಬತ್ತು ಮಕ್ಕಳ ಆಸ್ಪತ್ರೆಗಳಲ್ಲಿ ‘ಐ–ಪಾಸ್’ ಎಂಬ ಕ್ರಮ ತಂದರು. ರೋಗಿಯ ಸ್ಥಿತಿ ಎಷ್ಟು ಗಂಭೀರ, ಏನಾಗಿದೆ, ಮಾಡಬೇಕಾದದ್ದೇನು, ಹೀಗಾದರೆ ಏನು ಮಾಡುವುದು ಎಂದು ಹೇಳಿ, ಕೇಳಿದವರು ಅದನ್ನು ತಿರುಗಿ ಹೇಳುವ ಪದ್ಧತಿ ಅದು. 2014ರಲ್ಲಿ ಬಂದ ಫಲಿತಾಂಶದಲ್ಲಿ ತಪ್ಪುಗಳು ಶೇ 23ರಷ್ಟು, ತಪ್ಪಿಸಬಹುದಾಗಿದ್ದ ಹಾನಿ ಶೇ 30ರಷ್ಟು ಇಳಿದಿತ್ತು. ಇದಕ್ಕೆ ಯಂತ್ರ ಬೇಕಿಲ್ಲ, ಹಣವೂ ಹೆಚ್ಚು ಬೇಡ. ಪಾಳಿ ಬದಲಾಗುವಾಗ ಅರ್ಧ ಗಂಟೆ ಬೇಕು.

ಗಂಟೆಗಳ ಜೊತೆಗೆ ಹೆಗಲು ಕುಗ್ಗಿಸುವ ಇತರ ಭಾರಗಳೂ ಇವೆ. ಸರ್ಕಾರಿ ಕಾಲೇಜುಗಳ ಅರ್ಧದಷ್ಟು ಪಿಜಿ ಸೀಟು ಅಖಿಲ ಭಾರತ ಕೋಟಾದಲ್ಲಿ ತುಂಬುವುದರಿಂದ ಉತ್ತರದ ಹುಡುಗಿಯೊಬ್ಬಳು ಗಡಿನಾಡಿಗೆ ಬಂದಿಳಿಯುತ್ತಾಳೆ. ಎದುರಿನ ರೋಗಿ ತಮಿಳು, ಕನ್ನಡ, ತೆಲುಗು ಯಾವುದನ್ನು ಬೇಕಾದರೂ ಆಡಬಹುದು, ಅವಳಿಗೆ ಮೂರೂ ಬಾರದು. ಸಾವಿನ ಸುದ್ದಿಯನ್ನು ನರ್ಸಮ್ಮನ ಬಾಯಿಂದ ಹೇಳಿಸಬೇಕಾದ ಅಸಹಾಯಕತೆ ಸಣ್ಣದಲ್ಲ. ಸುದ್ದಿ ಕೇಳಿ ರೊಚ್ಚಿಗೆದ್ದ ನೆಂಟರ ಕೈ ಮೊದಲು ತಲುಪುವುದೂ ಅವಳನ್ನೇ. ತಮಿಳುನಾಡು 2008ರಲ್ಲಿ, ಕರ್ನಾಟಕ 2009ರಲ್ಲಿ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಕಾಯ್ದೆ ಮಾಡಿದರೂ ಕ್ಯಾಶುವಲ್ಟಿಯ ಭಯ ಹೋಗಿಲ್ಲ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌.ಜಿ. ಕರ್ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯ ನಡುವೆ ಸೆಮಿನಾರ್ ಕೋಣೆಯಲ್ಲಿ ವಿಶ್ರಮಿಸುತ್ತಿದ್ದ ತರಬೇತಿ ವೈದ್ಯೆಯ ಹತ್ಯೆಯಾದ ಮೇಲೆ, ಬಾಗಿಲಿಗೆ ಚಿಲಕವಿರುವ ಡ್ಯೂಟಿ ರೂಮು ಎಷ್ಟು ಕಡೆ ಇದೆ ಎಂದು ದೇಶ ಕೇಳಿಕೊಂಡಿತು. ಬಿಟ್ಟು ಹೋಗೋಣವೆಂದರೆ ಸೀಟು ಬಿಟ್ಟವರು ಲಕ್ಷಗಟ್ಟಲೆ ಕಟ್ಟಬೇಕೆಂಬ ಬಾಂಡ್ ಹಲವು ರಾಜ್ಯಗಳಲ್ಲಿದೆ. ಅದನ್ನು ಕೈಬಿಡುವಂತೆ ಆಯೋಗ 2024ರ ಆರಂಭದಲ್ಲಿ ರಾಜ್ಯಗಳನ್ನು ಕೇಳಿಕೊಂಡಿದೆ.

ಇಷ್ಟೆಲ್ಲ ಇರುವಾಗ ಕಾಲೇಜುಗಳು ಹೆಚ್ಚಾಗಿ ಮಾಡುವುದು ಒಂದು ದಿನದ ಯೋಗ ಶಿಬಿರ, ಒತ್ತಡ ನಿರ್ವಹಣೆಯ ಉಪನ್ಯಾಸ. ಯೋಗ ಒಳ್ಳೆಯದೇ. ಆದರೆ ಮೂವತ್ತಾರು ಗಂಟೆ ಮುಗಿಸಿ ಬಂದವರನ್ನು ಮತ್ತೊಂದು ಗಂಟೆ ಹಾಲಿನಲ್ಲಿ ಕೂರಿಸಿ ಉಸಿರಾಡುವುದು ಹೇಗೆಂದು ಹೇಳುವುದರಿಂದ ನಿದ್ದೆ ಬರುವುದಿಲ್ಲ. ಆಗಬೇಕಾದ ಕೆಲಸಗಳು ಇನ್ನೂ ಸರಳ. ಪ್ರತಿ ಪಿಜಿ ಮತ್ತು ಹೌಸ್ ಸರ್ಜನ್ ಡ್ಯೂಟಿಗೆ ಬಂದ, ಬಿಟ್ಟ ಹೊತ್ತು ದಾಖಲಾಗಬೇಕು. ಬೋಧಕರ ಹಾಜರಿಗೆ ಆಧಾರ್ ಆಧಾರಿತ ವ್ಯವಸ್ಥೆಯನ್ನು ಆಯೋಗ ಈಗಾಗಲೇ ಕಡ್ಡಾಯ ಮಾಡಿದೆ. ಅದರಲ್ಲಿ ನೋಡುವುದು ಕನಿಷ್ಠ ಹಾಜರಿ. ಅದೇ ಬಗೆಯ ದಾಖಲೆಯಿಂದ ಕಿರಿಯರ ಗರಿಷ್ಠ ದುಡಿಮೆಯನ್ನೂ ನೋಡಬಹುದು. ಮಿತಿ ದಾಟಿದರೆ ಪಾಳಿ ಬಿಡಿಸುವ ಅಧಿಕಾರ ಆ ವಿಭಾಗದ ಹೊರಗಿನ ಒಬ್ಬ ಅಧಿಕಾರಿಗಿರಬೇಕು, ಏಕೆಂದರೆ ಪರೀಕ್ಷೆಯಲ್ಲಿ ಪಾಸು ಮಾಡುವ ಗುರುವಿನ ಎದುರು ‘ಆಗುವುದಿಲ್ಲ ಸಾರ್’ ಎನ್ನುವ ಧೈರ್ಯ ಯಾವ ಶಿಷ್ಯನಿಗೂ ಇರದು. ರಕ್ತ ತೆಗೆಯಲು, ಮಾದರಿ ಒಯ್ಯಲು, ಕಾಗದ ತುಂಬಲು ಬೇರೆ ಸಿಬ್ಬಂದಿ ಬೇಕು. ಕಲಿಯಲು ಬಂದವರ ದಿನದ ಎಷ್ಟೋ ಗಂಟೆ ಕಲಿಕೆಯಿಲ್ಲದ ಈ ಓಡಾಟದಲ್ಲೇ ಸವೆಯುತ್ತದೆ. ಸಮಾಲೋಚಕರು ಕಾಲೇಜಿನ ಅಧ್ಯಾಪಕರಾಗಿರಬಾರದು, ಹೇಳಿಕೊಂಡ ಮಾತು ಗುಟ್ಟಾಗಿ ಉಳಿಯುತ್ತದೆಂಬ ಭರವಸೆ ಇರಬೇಕು.

ಈ ಬರಹ ಓದುತ್ತಿರುವ ತಂದೆತಾಯಿಯರಿಗೆ ಒಂದು ಮಾತು. ಮನೆಗೆ ಬಂದ ಮಗ, ಮಗಳು ಮಾತು ಕಡಿಮೆ ಮಾಡಿದ್ದರೆ, ‘ನನ್ನ ಕೈಲಿ ಆಗುತ್ತಿಲ್ಲ’ ಎಂದರೆ, ‘ಇಷ್ಟು ಓದಿ ಈಗ ಹೀಗಂದರೆ ಹೇಗೆ’ ಎನ್ನಬೇಡಿ. ಕೂತು ಕೇಳಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ–ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡುವವರಿದ್ದಾರೆ. ಒಂದು ವರ್ಷ ಬಿಡುವು ತೆಗೆದುಕೊಂಡರೆ ಬದುಕೇನೂ ಮುಳುಗುವುದಿಲ್ಲ ಎಂಬ ಮಾತು ನಿಮ್ಮಿಂದ ಬಂದರೆ ಅದಕ್ಕಿರುವ ತೂಕ ಬೇರೆ ಯಾರ ಮಾತಿಗೂ ಇಲ್ಲ.

ಹಾಸಿಗೆ ಎಷ್ಟಿವೆ, ಬೋಧಕರು ಎಷ್ಟಿದ್ದಾರೆ, ಗ್ರಂಥಾಲಯದಲ್ಲಿ ಪುಸ್ತಕ ಎಷ್ಟಿವೆ ಎಂದು ನೋಡಿಯೇ ಕಾಲೇಜುಗಳಿಗೆ ಮಾನ್ಯತೆ ಕೊಡುತ್ತಾರೆ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಲಿ: ಕಳೆದ ಮೂರು ತಿಂಗಳಲ್ಲಿ ಮೊದಲ ವರ್ಷದ ಪಿಜಿಗಳು ದುಡಿದ ಗಂಟೆಗಳ ರಿಜಿಸ್ಟರು. ಅದನ್ನು ತೋರಿಸಲಾಗದ ಕಾಲೇಜಿಗೆ ಹೊಸ ಸೀಟು ಕೊಡಬಾರದು. ನಮ್ಮ ಶಾಸಕರು, ಸಂಸದರು ತಮ್ಮ ಜಿಲ್ಲೆಗೆ ಕಾಲೇಜು ತಂದೆವೆಂದು ಹೆಮ್ಮೆಯಿಂದ ಹೇಳುತ್ತಾರೆ, ಆ ಹೆಮ್ಮೆ ನ್ಯಾಯವಾದದ್ದೇ. ಆ ರಿಜಿಸ್ಟರು ಎಲ್ಲಿ ಎಂದು ಕೇಳುವ ಹೊಣೆಯೂ ಅವರದೇ, ಅವರನ್ನು ಆರಿಸಿ ಕಳಿಸಿದ ನಮ್ಮದೂ ಹೌದು.